ಕೆಲಸ ಸಿಕ್ಕ ಮೇಲೆ ಮುಂದೇನು? ಅದನ್ನೂ ಸ್ವಲ್ಪ ಬರೆಯಿರಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಉದ್ಯೋಗ ಪುಟವನ್ನು ನಾನು ತಪ್ಪದೆ ಓದುತ್ತೇನೆ. ಕೆಲಸ ಹುಡುಕುವವರಿಗೆ ಅದರಲ್ಲಿ ಬೇಕಾದಷ್ಟಿದೆ. ಯಾವ ಇಲಾಖೆಯಲ್ಲಿ ಎಷ್ಟು ಹುದ್ದೆ, ಅರ್ಜಿ ಹಾಕಲು ಕೊನೇ ದಿನ ಯಾವಾಗ, ವಯಸ್ಸಿನ ಮಿತಿ ಎಷ್ಟು, ಎಲ್ಲ ಇರುತ್ತದೆ. ಕೆಲಸ ಸಿಕ್ಕವರ ಬಗ್ಗೆ ಮಾತ್ರ ಏನೂ ಇರುವುದಿಲ್ಲ. ಅಪರೂಪಕ್ಕೆ ಒಂದು ಲೇಖನ ಬಂದರೆ ಅದೂ ಗಾಜಿನ ಕಟ್ಟಡದಲ್ಲಿ ಎಸಿ ಹಾಕಿಕೊಂಡು ಕೂತವರಿಗಾಗಿ ಬರೆದ ಹಾಗಿರುತ್ತದೆ. ಲಿಂಕ್ಡ್‌ಇನ್‌ನಲ್ಲಿ ಒಳ್ಳೇ ಫೋಟೊ ಹಾಕಿ, ಪರಿಚಯ ಬೆಳೆಸಿಕೊಳ್ಳಿ, ನಿಮ್ಮನ್ನು ನೀವೇ ಬ್ರ್ಯಾಂಡ್ ಮಾಡಿಕೊಳ್ಳಿ ಅಂತೆಲ್ಲ. ಇಲ್ಲಿನ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ರಾತ್ರಿ ಪಾಳಿ ಮುಗಿಸಿ ಬೈಕ್ ಹತ್ತುವ ಹುಡುಗ ಇದನ್ನು ಓದಿ ಏನು ಮಾಡಬೇಕು ಹೇಳಿ?

2024ರ ಜನವರಿ 12ರಂದು ನಮ್ಮೂರು ಶಿವಮೊಗ್ಗದ ಫ್ರೀಡಂ ಪಾರ್ಕ್‌ನಲ್ಲೇ ಯುವನಿಧಿಯ ಹಣ ಹಾಕಲು ಶುರು ಮಾಡಿದರು. ಓದು ಮುಗಿದು ಆರು ತಿಂಗಳಾದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3000 ರೂಪಾಯಿ, ಡಿಪ್ಲೊಮಾದವರಿಗೆ 1500, ಹೆಚ್ಚೆಂದರೆ ಎರಡು ವರ್ಷ. ಒಳ್ಳೆಯದೇ, ಬೇಡ ಅನ್ನುವುದಿಲ್ಲ. ಆದರೆ ನೋಡಿ, ಕೆಲಸ ಸಿಗುವ ತನಕ ಸರ್ಕಾರ ಕೇಳುತ್ತದೆ, ನೆಂಟರು ಕೇಳುತ್ತಾರೆ, ಮದುವೆ ಮನೆಯಲ್ಲಿ ಊಟಕ್ಕೆ ಪಕ್ಕದಲ್ಲಿ ಕೂತ ಗುರುತಿಲ್ಲದವರೂ ಕೇಳುತ್ತಾರೆ. ಸಿಕ್ಕ ಮಾರನೇ ದಿನದಿಂದ ಯಾರೂ ಕೇಳುವುದಿಲ್ಲ. ಸೇರಿದವನು ಅದೇ ಮೆಷಿನ್ ಮುಂದೆ, ಅದೇ ಕೌಂಟರ್ ಹಿಂದೆ ಎಂಟು ಹತ್ತು ವರ್ಷ ಕಳೆದಿರುತ್ತಾನೆ. ಸಂಬಳ ವರ್ಷಕ್ಕೆ ಇಷ್ಟಿಷ್ಟೇ ಏರಿರುತ್ತದೆ, ಸಿಲಿಂಡರ್ ಬೆಲೆ ಅದಕ್ಕಿಂತ ಜಾಸ್ತಿ ಏರಿರುತ್ತದೆ. ಆಗ ಮನೆಯವರು ಹೇಳುವುದು ಒಂದೇ ಮಾತು, ಬೆಂಗಳೂರಿಗೆ ಹೋಗು.

ನಾನು ಇಲ್ಲಿನ ಒಂದು ಎರಕದ ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಹೊಸಬರ ಸಂದರ್ಶನಕ್ಕೂ ಕೂರುತ್ತೇನೆ, ಒಳಗಿನವರಿಗೆ ಬಡ್ತಿ ಕೊಡುವ ಮಾತುಕತೆಯಲ್ಲೂ ಇರುತ್ತೇನೆ. ಅಲ್ಲಿ ಯಾರು ಮೇಲೆ ಹೋದರು, ಯಾರು ಇದ್ದಲ್ಲೇ ಉಳಿದರು ಅನ್ನುವುದನ್ನು ಹತ್ತಿರದಿಂದ ನೋಡಿದ್ದೇನೆ. ಬುದ್ಧಿವಂತಿಕೆಯಲ್ಲಿ ಅವರ ನಡುವೆ ಅಂಥಾ ವ್ಯತ್ಯಾಸ ಏನಿಲ್ಲ. ಮೇಲೆ ಹೋದವರು ಬಹುತೇಕ ಎಲ್ಲರೂ ತಮ್ಮ ಕೆಲಸದ ಪಕ್ಕದ ಕೆಲಸವನ್ನು, ಯಾರೂ ಹೇಳದೆ, ಬಡ್ತಿಗಿಂತ ಮುಂಚೆಯೇ ಕಲಿತಿದ್ದವರು. ನಿಮ್ಮ ಪುಟಕ್ಕೆ ನಾನು ಬರೆಯಬೇಕು ಅಂತಿದ್ದದ್ದು ಇದನ್ನೇ.

ಕಂಪ್ಯೂಟರ್ ಪ್ರೋಗ್ರಾಂ ಪ್ರಕಾರ ಲೋಹ ಕೊರೆಯುವ ಸಿಎನ್‌ಸಿ ಮೆಷಿನ್ ವಿಷಯವನ್ನೇ ತೆಗೆದುಕೊಳ್ಳಿ. ಆಪರೇಟರ್ ಆದವನು ಜಾಬ್ ಹಾಕುತ್ತಾನೆ, ಅಂದರೆ ಕೊರೆಯಬೇಕಾದ ಪೀಸ್ ಇಡುತ್ತಾನೆ, ಬಟನ್ ಒತ್ತುತ್ತಾನೆ, ತೆಗೆದು ಅಳೆಯುತ್ತಾನೆ. ಅವನ ಮೇಲೆ ಸೆಟ್ಟರ್. ಪೀಸನ್ನು ಹಿಡಿದಿಡುವ ಫಿಕ್ಸ್ಚರ್ ಕೂರಿಸುವುದು, ಕೊರೆಯುವ ಟೂಲಿನ ಅಳತೆ ಹೊಂದಿಸುವ ಆಫ್‌ಸೆಟ್ ಕೊಡುವುದು, ಮೊದಲ ಪೀಸ್ ಅಳತೆಗೆ ತಂದು ಕೊಡುವುದು ಅವನ ಕೆಲಸ. ಅವನ ಮೇಲೆ ಪ್ರೋಗ್ರಾಂ ಬರೆಯುವವನು. ಆಪರೇಟರ್ ಮತ್ತು ಸೆಟ್ಟರ್ ನಡುವೆ ಇರುವುದು ಮೂರು ನಾಲ್ಕು ತಿಂಗಳ ಕಲಿಕೆ ಅಷ್ಟೇ, ಆದರೆ ಆ ಗೆರೆ ದಾಟದೆ ವರ್ಷಗಟ್ಟಲೆ ಕೂತವರು ನಮ್ಮಲ್ಲಿ ತುಂಬಾ ಜನ. ಯಾಕೆ ಅಂದರೆ ಸೆಟ್ಟಿಂಗ್ ನಡೆಯುವಾಗ ಮೆಷಿನ್ ನಿಂತಿರುತ್ತದೆ, ಮೆಷಿನ್ ನಿಂತರೆ ಆಪರೇಟರ್‌ಗೆ ಬಿಡುವು, ಬಿಡುವು ಸಿಕ್ಕರೆ ಟೀ. ಟೀ ಕುಡಿಯಲಿ, ಬೇಡ ಅಂದವರ್ಯಾರು. ಹತ್ತರಲ್ಲಿ ನಾಲ್ಕು ಸಲವಾದರೂ ಅಲ್ಲೇ ನಿಂತು ನೋಡಲಿ ಅಂತ ನನ್ನ ಮಾತು. ಸೆಟ್ಟರ್ ರಜೆ ಹಾಕಿದ ದಿನ, ಅದೂ ಅಡಿಕೆ ಕೊಯ್ಲಿನ ಸಮಯದಲ್ಲಿ ನಮ್ಮ ಕಡೆ ಯಾರು ಯಾವಾಗ ರಜೆ ಹಾಕುತ್ತಾರೋ ಹೇಳಲಿಕ್ಕಾಗುವುದಿಲ್ಲ, ಸೂಪರ್‌ವೈಸರ್ ತಲೆ ಕೆಟ್ಟು ಯಾರಿಗೆ ಬರುತ್ತೆ ಅಂತ ಕೂಗುತ್ತಾನೆ. ಆವತ್ತು ಕೈ ಎತ್ತಿದವನ ಹೆಸರು ಮುಂದಿನ ಪಟ್ಟಿಯಲ್ಲಿ ಇರುತ್ತದೆ.

ಎರಡನೇದು ಡ್ರಾಯಿಂಗ್, ಅಂದರೆ ಪೀಸಿನ ಅಳತೆಗಳಿರುವ ನಕ್ಷೆ, ಓದುವುದು. ಐಟಿಐನಲ್ಲೂ ಡಿಪ್ಲೊಮಾದಲ್ಲೂ ಕಲಿಸಿರುತ್ತಾರೆ, ಪರೀಕ್ಷೆ ಮುಗಿದ ದಿನವೇ ಮರೆತಿರುತ್ತಾರೆ. ಸಂದರ್ಶನದಲ್ಲಿ ನಾನು ಇಂಗ್ಲಿಷ್‌ನಲ್ಲಿ ನಿಮ್ಮ ಬಗ್ಗೆ ಹೇಳಿ ಅಂತ ಕೇಳುವುದಿಲ್ಲ. ಒಂದು ಡ್ರಾಯಿಂಗ್ ಕೊಟ್ಟು, ಇದರಲ್ಲಿ ಯಾವ ಅಳತೆ ತಪ್ಪಿದರೆ ಪೀಸ್ ಗುಜರಿಗೆ ಹೋಗುತ್ತದೆ ಅಂತ ಕೇಳುತ್ತೇನೆ. ಕನ್ನಡದಲ್ಲೇ ಹೇಳಲಿ. ಇಂಗ್ಲಿಷ್ ಬರುವುದಿಲ್ಲ ಅಂತ ತಲೆ ತಗ್ಗಿಸಿ ಕೂತ ತೀರ್ಥಹಳ್ಳಿ, ಹೊಸನಗರ ಕಡೆಯ ಹುಡುಗರು ಡ್ರಾಯಿಂಗ್ ಕೈಗೆ ಬಂದ ತಕ್ಷಣ ಪಟಪಟನೆ ಮಾತಾಡಿದ್ದನ್ನು ನೋಡಿದ್ದೇನೆ. ಇಂಗ್ಲಿಷ್ ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ, ಗ್ರಾಹಕರ ಮೇಲ್‌ಗೆ ನಾಲ್ಕು ಸಾಲು ಉತ್ತರ ಬರೆಯಲು ಬೇಕೇ ಬೇಕು. ಆದರೆ ಏನಾಯಿತು, ಯಾಕಾಯಿತು, ಏನು ಮಾಡಿದೆವು ಅಂತ ಮೊದಲು ಕನ್ನಡದಲ್ಲಿ ಸಾಲಾಗಿ ಹೇಳಲು ಬಂದರೆ ಉಳಿದದ್ದನ್ನು ಫೋನಿನಲ್ಲಿರುವ ಆ್ಯಪ್‌ಗಳೇ ತಿದ್ದಿ ಕೊಡುತ್ತವೆ. ಅದು ಬಾರದಿದ್ದರೆ ಇಂಗ್ಲಿಷ್ ಬಂದರೂ ಪ್ರಯೋಜನವಿಲ್ಲ. ಅಂಥವರನ್ನೂ ಬೇಕಾದಷ್ಟು ನೋಡಿದ್ದೇನೆ!

ಎರಕ ಹೊಯ್ಯಲು ಮರಳಿನ ಅಚ್ಚು ಮಾಡುವ ನಮ್ಮ ಮೋಲ್ಡಿಂಗ್ ಲೈನ್‌ನಲ್ಲಿ ಒಬ್ಬ ಹುಡುಗ ಇದ್ದ. ಸಾಗರದ ಕಡೆಯವನು, ಓದಿದ್ದು ಐಟಿಐ. ಮಳೆಗಾಲ ಬಂತು ಅಂದರೆ ನಮಗೆ ಮರಳಿನ ತಲೆನೋವು. ಗಾಳಿಯಲ್ಲಿ ತೇವ ಜಾಸ್ತಿ, ಹೊರಗಿಂದ ಬರುವ ಮರಳೂ ಒದ್ದೆ. ಮೋಲ್ಡ್ ಮಾಡುವ ಮರಳಿನಲ್ಲಿ ನೀರಿನಂಶ ಸ್ವಲ್ಪ ಹೆಚ್ಚಾದರೂ ಕರಗಿದ ಲೋಹ ಬಿದ್ದ ಕೂಡಲೇ ಆವಿ ಎದ್ದು ಎರಕದೊಳಗೆ ಗುಳ್ಳೆಯ ತೂತು ಬೀಳುತ್ತದೆ, ನಾವು ಬ್ಲೋ ಹೋಲ್ ಅನ್ನುತ್ತೇವೆ. ಮಳೆಗಾಲದಲ್ಲಿ ರಿಜೆಕ್ಷನ್, ಅಂದರೆ ಕೆಟ್ಟು ತಿರಸ್ಕಾರವಾಗುವ ಪೀಸುಗಳು, ಏರುವುದು ಎಲ್ಲರಿಗೂ ಗೊತ್ತು. ಮಳೆ ಅಲ್ವಾ, ಏನು ಮಾಡೋದು ಅಂತ ಎಲ್ಲರೂ ಸುಮ್ಮನಾಗಿದ್ದರು. ಈ ಹುಡುಗ ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ದಿನಾ ಬರೆದಿಡುತ್ತಿದ್ದ. ತಾರೀಕು, ಪಾಳಿ, ಸ್ಯಾಂಡ್ ಲ್ಯಾಬ್‌ನಲ್ಲಿ ತೇವಾಂಶದ ರೀಡಿಂಗ್ ಎಷ್ಟಿತ್ತು, ಯಾವ ಪೀಸಿನಲ್ಲಿ ಎಲ್ಲಿ ತೂತು ಬಂತು. ಮರಳಿನ ಲ್ಯಾಬ್ ಅವನ ವಿಭಾಗವೇ ಅಲ್ಲ, ಹೋಗಿ ಕೇಳಿ ಬರೆದುಕೊಂಡು ಬರುತ್ತಿದ್ದ. ಜೊತೆಯವರು ಸಾಕಷ್ಟು ರೇಗಿಸಿದರು, ಶಾನುಭೋಗ ಅಂತಲೇ ಹೆಸರಿಟ್ಟಿದ್ದರು.

ಆ ವರ್ಷ ಗ್ರಾಹಕರ ಕಡೆಯಿಂದ ದೊಡ್ಡ ದೂರು ಬಂತು. ವಾಹನದ ಬಿಡಿಭಾಗ ಮಾಡುವವರಿಗೆ ಐಎಟಿಎಫ್ 16949 ಅಂತ ಒಂದು ಗುಣಮಟ್ಟದ ನಿಯಮಾವಳಿ ಇದೆ, 2016ರಲ್ಲಿ ಬಂದದ್ದು. ಅದರ ಪ್ರಕಾರ ತಪ್ಪಾಯಿತು, ಸರಿ ಮಾಡಿದೆವು ಅಂದರೆ ಸಾಲದು. ಮೂಲ ಕಾರಣ ಏನು, ಅದಕ್ಕೆ ಆಧಾರ ಏನು, ಮತ್ತೆ ಆಗದ ಹಾಗೆ ಏನು ಮಾಡಿದಿರಿ, ಎಲ್ಲ ಬರೆದು ತೋರಿಸಬೇಕು. ನಮ್ಮ ಕಂಪ್ಯೂಟರ್‌ನಲ್ಲಿ ತೇವಾಂಶದ ಲೆಕ್ಕ ಒಂದು ಕಡೆ, ರಿಜೆಕ್ಷನ್ ಲೆಕ್ಕ ಇನ್ನೊಂದು ಕಡೆ. ಎರಡನ್ನೂ ಪಾಳಿವಾರು ಒಟ್ಟಿಗೆ ಇಟ್ಟಿದ್ದದ್ದು ಆ ನೋಟ್‌ಬುಕ್ಕಿನಲ್ಲಿ ಮಾತ್ರ. ಬೆಳಗಿನ ಪಾಳಿ ಶುರುವಾದ ಮೊದಲ ಗಂಟೆಗಳಲ್ಲೇ ತೊಂದರೆ ಜಾಸ್ತಿ ಅಂತ ಅದರಿಂದ ಗೊತ್ತಾಯಿತು. ರಾತ್ರಿ ನಿಂತ ಮರಳನ್ನು ಪರೀಕ್ಷಿಸದೆ ಹಾಗೇ ಬಳಸುತ್ತಿದ್ದರು. ಆಡಿಟ್‌ನಲ್ಲಿ ಆ ಪುಟಗಳನ್ನೇ ತೋರಿಸಿದೆವು. ಹುಡುಗ ಈಗ ಮೋಲ್ಡಿಂಗ್ ಲೈನ್‌ನಲ್ಲಿಲ್ಲ, ನಮ್ಮ ವಿಭಾಗದಲ್ಲಿ ಇನ್ಸ್‌ಪೆಕ್ಟರ್. ಎನ್‌ಡಿಟಿ ಲೆವೆಲ್ ಟು ಮಾಡಿಕೊಳ್ಳುತ್ತೇನೆ ಅಂತ ಓಡಾಡುತ್ತಿದ್ದಾನೆ. ಪೀಸನ್ನು ಒಡೆಯದೆ ಅಲ್ಟ್ರಾಸಾನಿಕ್, ಎಕ್ಸ್‌ರೇ ಇತ್ಯಾದಿಗಳಿಂದ ಒಳಗಿನ ದೋಷ ಕಂಡುಹಿಡಿಯುವ ಪರೀಕ್ಷೆಗಳ ಅರ್ಹತೆ ಅದು. ಅದೊಂದು ಕೈಯಲ್ಲಿದ್ದರೆ ಫೌಂಡ್ರಿ ಮಾತ್ರ ಅಲ್ಲ, ರಿಫೈನರಿ, ಪೈಪ್‌ಲೈನ್, ಬಾಯ್ಲರ್ ಎಲ್ಲ ಕಡೆ ಬೇಡಿಕೆ ಇದೆ.

ಕಾರ್ಖಾನೆಯ ಮಾತು ಸಾಕು, ಉಳಿದವರಿಗೂ ಇದು ಹೀಗೇ. ನಮ್ಮ ಕಡೆ ಊರಿಗೊಂದು ಸಹಕಾರ ಸಂಘ ಇದೆ. 2022ರಲ್ಲಿ ಕೇಂದ್ರ ಸರ್ಕಾರ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಕಂಪ್ಯೂಟರೀಕರಣ ಮಾಡುವ ಯೋಜನೆ ತಂದಿತು. ಹೊಸ ಸಾಫ್ಟ್‌ವೇರ್ ಬಂದಾಗ ಹಳಬರು ದೂರ ನಿಂತರೆ, ಗೊಬ್ಬರದ ಗೋದಾಮು ನೋಡಿಕೊಳ್ಳುವ ಗುಮಾಸ್ತನೊಬ್ಬ ಕೂತು ಕಲಿತನೆಂದುಕೊಳ್ಳಿ. ಕಾರ್ಯದರ್ಶಿ ನಿವೃತ್ತರಾಗುವಾಗ ಆಡಳಿತ ಮಂಡಳಿ ಯಾರ ಕಡೆ ನೋಡುತ್ತದೆ? ಬ್ಯಾಂಕಿನಲ್ಲಿರುವವರಿಗೆ ಜೆಎಐಐಬಿ, ಸಿಎಐಐಬಿ ಪರೀಕ್ಷೆಗಳಿವೆ, ಪಾಸಾದರೆ ಇನ್‌ಕ್ರಿಮೆಂಟೂ ಸಿಗುತ್ತದೆ, ಬಡ್ತಿಗೂ ಅನುಕೂಲ. ರಾಜ್ಯ ಸರ್ಕಾರಿ ನೌಕರರಿಗೆ ಕೆಪಿಎಸ್‌ಸಿ ನಡೆಸುವ ಇಲಾಖಾ ಪರೀಕ್ಷೆಗಳಿವೆ. ಅಕೌಂಟ್ಸ್ ಹೈಯರ್, ಜನರಲ್ ಲಾ ಅಂತೆಲ್ಲ. 2012ರ ನಿಯಮದ ಪ್ರಕಾರ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯೂ ಇದೆ. ನನ್ನ ಪರಿಚಯದ ದ್ವಿತೀಯ ದರ್ಜೆ ಸಹಾಯಕರೊಬ್ಬರು, ಸೀನಿಯಾರಿಟಿ ಇದೆಯಲ್ಲ, ಪರೀಕ್ಷೆ ಆಮೇಲೆ ನೋಡೋಣ ಅಂತ ವರ್ಷಗಟ್ಟಲೆ ತಳ್ಳಿಕೊಂಡೇ ಬಂದರು. ಅವರಿಗಿಂತ ತಡವಾಗಿ ಸೇರಿದವರು ಈಗ ಅವರ ಫೈಲಿಗೆ ಸಹಿ ಹಾಕುತ್ತಿದ್ದಾರೆ. ನೋಟಿಫಿಕೇಶನ್ ಬಂದದ್ದೇ ಗೊತ್ತಾಗಲಿಲ್ಲ ಅನ್ನುತ್ತಾರೆ. ಅರ್ಧ ನೆಪ, ಅರ್ಧ ನಿಜ.

ಮುಂದೆ ಓದುವ ವಿಷಯ. ಡಿಪ್ಲೊಮಾ ಮಾಡಿದವರು ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ನೇರವಾಗಿ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರಬಹುದು, ಇದು ಹೆಚ್ಚಿನವರಿಗೆ ಗೊತ್ತು. ಕೆಲಸದಲ್ಲಿದ್ದುಕೊಂಡೇ ಬಿಇ ಮಾಡಲು ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ ಎಐಸಿಟಿಇ 2023ರಿಂದ ಅವಕಾಶ ಕೊಟ್ಟಿದೆ, ಇದು ಗೊತ್ತಿರುವವರು ಕಡಿಮೆ. ಎಲ್ಲ ಕಾಲೇಜಿನಲ್ಲೂ ಇರುವುದಿಲ್ಲ, ವಿಚಾರಿಸಬೇಕು. ಪದವಿಯೇ ಇಲ್ಲದವರಿಗೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯ ಇದೆ. ಇನ್ನು ಆನ್‌ಲೈನ್‌ನಲ್ಲಿ ಪಾಠ ಹೇಳುವ ಎನ್‌ಪಿಟಿಇಎಲ್. ಐಐಟಿಗಳು ಮತ್ತು ಬೆಂಗಳೂರಿನ ಐಐಎಸ್‌ಸಿ ಸೇರಿ 2003ರಲ್ಲಿ ಶುರು ಮಾಡಿದ್ದು. ನಾಲ್ಕು, ಎಂಟು, ಹನ್ನೆರಡು ವಾರದ ಕೋರ್ಸುಗಳು. ಪಾಠ ಕೇಳಲು ದುಡ್ಡಿಲ್ಲ, ಸರ್ಟಿಫಿಕೇಟ್ ಬೇಕಾದರೆ ಮಾತ್ರ ಪರೀಕ್ಷಾ ಶುಲ್ಕ. ಅಸೈನ್‌ಮೆಂಟ್‌ಗೆ 25 ಅಂಕ, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ 75. ಕೇಂದ್ರಕ್ಕೇ ಹೋಗಿ ಬರೆಯಬೇಕಾದ್ದರಿಂದಲೇ ಅದಕ್ಕೆ ಬೆಲೆ. ಎರಕ, ವೆಲ್ಡಿಂಗ್, ಮೆಟೀರಿಯಲ್ ಸೈನ್ಸ್, ಮ್ಯಾನೇಜ್‌ಮೆಂಟ್, ಡೇಟಾ ಎಲ್ಲ ಇದೆ. ಒಂದೇ ರಾತ್ರಿಯಲ್ಲಿ ಹತ್ತು ವಿಡಿಯೊ ನೋಡಿ ಡೌನ್‌ಲೋಡ್ ಮಾಡಿಕೊಂಡ ಸರ್ಟಿಫಿಕೇಟ್‌ಗಳನ್ನು ಫೈಲಿನಲ್ಲಿ ಜೋಡಿಸಿಕೊಂಡು ಬರುವವರಿದ್ದಾರೆ, ಅವುಗಳನ್ನು ನಾವು ತೆರೆದೂ ನೋಡುವುದಿಲ್ಲ. ಸುಮ್ನೆ ಹೇಳುತ್ತಿಲ್ಲ.

ಆದರೆ ಸಂಜೆ ಓದು ಅನ್ನುವುದು ಮಲೆನಾಡಿನಲ್ಲಿ ಬಸ್ಸಿನ ಪ್ರಶ್ನೆ. ಕೆಲಸ ಮುಗಿಯುವುದು ಐದೂವರೆಗೆ, ತರಗತಿ ಆರಕ್ಕೆ, ಮುಗಿಯುವುದು ಎಂಟೂವರೆಗೆ ಅಂದರೆ ಶಿವಮೊಗ್ಗ ಪೇಟೆಯವರಿಗೆ ಸರಿ. ಆಯನೂರು, ರಿಪ್ಪನ್‌ಪೇಟೆ ಕಡೆಯಿಂದ ದಿನಾ ಓಡಾಡುವ ಹುಡುಗಿ ಏನು ಮಾಡಬೇಕು? 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲದಾಯಿತು, ನಿಜ. ಆದರೆ ನಮ್ಮ ಒಳದಾರಿಗಳಲ್ಲಿ ಖಾಸಗಿ ಬಸ್ಸೇ ಜಾಸ್ತಿ, ಅದೂ ಕತ್ತಲಾದ ಮೇಲೆ ಇಲ್ಲ. ಮದುವೆ, ಮಗು ಅಂತ ಕೆಲಸ ಬಿಟ್ಟ ಹೆಣ್ಣುಮಕ್ಕಳು ವಾಪಸ್ ಬರದಿರುವುದಕ್ಕೆ ಇದೂ ಒಂದು ಕಾರಣ. 2017ರ ತಿದ್ದುಪಡಿಯಿಂದ ಮೊದಲ ಎರಡು ಹೆರಿಗೆಗೆ 26 ವಾರ ಸಂಬಳ ಸಹಿತ ರಜೆ ಕಾನೂನಿನಲ್ಲೇ ಇದೆ. ಅದನ್ನು ಕೇಳಿ ಪಡೆಯುವ ಬದಲು ರಾಜೀನಾಮೆ ಬರೆದು ಕೊಟ್ಟು ಹೋದವರನ್ನು ನೋಡಿದ್ದೇನೆ. ಕೇಳಬಹುದು ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಬೆಂಗಳೂರಿಗೆ ಹೋಗಲೇಬೇಡಿ ಅಂತ ನಾನು ಹೇಳುವವನಲ್ಲ. ಹೋಗಬೇಕಾದ ಕೆಲಸಗಳಿವೆ. ಇಲ್ಲಿ ಇಲ್ಲದ ಮೆಷಿನ್, ಇಲ್ಲಿ ಇಲ್ಲದ ಸಾಫ್ಟ್‌ವೇರ್, ಇಲ್ಲಿ ಸಿಗದ ದೊಡ್ಡ ಆಸ್ಪತ್ರೆಯ ಅನುಭವ ಬೇಕು ಅಂದರೆ ಹೋಗಲೇಬೇಕು. ಏನು ಕಲಿಯಲು ಹೋಗುತ್ತಿದ್ದೇನೆ ಅಂತ ಗೊತ್ತಿದ್ದು ಹೋಗುವುದು ಬೇರೆ, ಹುಡುಗಿ ನೋಡಲು ಹೋದಾಗ ಬೆಂಗಳೂರಿನಲ್ಲಿದ್ದೇನೆ ಅಂತ ಹೇಳಲಿಕ್ಕೆ ಹೋಗುವುದು ಬೇರೆ. (ಎರಡನೇ ಕಾರಣವೂ ಸಣ್ಣದಲ್ಲ ಬಿಡಿ, ನಮ್ಮ ಕಡೆ ತೋಟ ಇರುವ ಹುಡುಗರ ಪಾಡು ನಿಮಗೂ ಗೊತ್ತು.) ಇಲ್ಲಿ ಮಾಡುತ್ತಿದ್ದ ಅದೇ ಆಪರೇಟರ್ ಕೆಲಸವನ್ನು ಪೀಣ್ಯದಲ್ಲಿ ಮಾಡಿ, ಹೆಚ್ಚಿಗೆ ಸಿಕ್ಕಿದ್ದನ್ನು ಪಿಜಿಗೂ ಊಟಕ್ಕೂ ಕೊಟ್ಟು, ಹಬ್ಬಕ್ಕೆ ಊರಿಗೆ ಬರಲು ಮೂರು ಪಟ್ಟು ದರದ ಬಸ್ ಟಿಕೆಟ್ ತೆಗೆದರೆ ಅವನು ಮುಂದೆ ಹೋದ ಹಾಗಾಯಿತೇ?

ಒಂದೇ ಜಾಗವನ್ನು ನಂಬಿ ಕೂರುವುದೂ ಕಷ್ಟವೇ. ಭದ್ರಾವತಿಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. 1918ರಲ್ಲಿ ಹುಟ್ಟಿದ ಕಬ್ಬಿಣದ ಕಾರ್ಖಾನೆ, ವಿಶ್ವೇಶ್ವರಯ್ಯನವರು ಕಟ್ಟಿ ನಿಲ್ಲಿಸಿದ್ದು. ಅದನ್ನು ಮುಚ್ಚುತ್ತಾರಂತೆ, ಇಲ್ಲವಂತೆ ಅನ್ನುವ ಸುದ್ದಿ ಕೇಳುತ್ತಲೇ ಎಷ್ಟೋ ಜನ ನಿವೃತ್ತರಾದರು. ಎಂಪಿಎಂ ಕಾಗದ ಕಾರ್ಖಾನೆಯಂತೂ ನಿಂತೇ ಹೋಯಿತು. ಅಲ್ಲಿಂದ ಹೊರಬಂದವರಲ್ಲಿ ಬಾಯ್ಲರ್ ಗೊತ್ತಿದ್ದವರು, ಎಲೆಕ್ಟ್ರಿಕಲ್ ಲೈಸೆನ್ಸ್ ಇದ್ದವರು, ಲ್ಯಾಬ್ ಕೆಲಸ ಗೊತ್ತಿದ್ದವರು ಬೇರೆ ಕಡೆ ನೆಲೆ ಕಂಡುಕೊಂಡರು. ಆ ಕಾರ್ಖಾನೆಯ ಒಂದು ಮೂಲೆಯ ಒಂದು ಕೆಲಸ ಮಾತ್ರ ಗೊತ್ತಿದ್ದವರಿಗೆ ಕಷ್ಟವಾಯಿತು. ಅವರ ತಪ್ಪು ಅಂತ ಅಲ್ಲ, ಆ ಕಾಲದಲ್ಲಿ ಅಲ್ಲಿ ಕೆಲಸ ಸಿಕ್ಕರೆ ಜೀವನ ಪೂರ್ತಿ ಆಯಿತು ಅಂತಲೇ ಎಲ್ಲರೂ ನಂಬಿದ್ದರು.

ಕೆಲಸ ಬಿಡುವಾಗಿನ ಮಾತೊಂದು ಹೇಳಲೇಬೇಕು. ನಮ್ಮ ಹುಡುಗರು ಕೆಲಸ ಬಿಡುವುದು ಅಂದರೆ ಫೋನ್ ಸ್ವಿಚ್ ಆಫ್ ಮಾಡುವುದು. ಕೊಯ್ಲಿಗೆ ಊರಿಗೆ ಹೋದವನು ವಾಪಸ್ ಬರುವುದೇ ಇಲ್ಲ. ರಾಜೀನಾಮೆ ಇಲ್ಲ, ನೋಟಿಸ್ ಇಲ್ಲ. ಎರಡು ವರ್ಷದ ಅನುಭವಕ್ಕೆ ಒಂದು ಕಾಗದವೂ ಕೈಯಲ್ಲಿ ಉಳಿಯುವುದಿಲ್ಲ, ಮುಂದಿನ ಕಡೆ ಮತ್ತೆ ಹೊಸಬನ ಸಂಬಳಕ್ಕೇ ಸೇರುತ್ತಾನೆ. ಜೊತೆಗೆ ಪಿಎಫ್ ಹಣ ತೆಗೆಯುವ ಚಟ. 2014ರಿಂದ ಪಿಎಫ್‌ನ ಪ್ರತಿ ಸದಸ್ಯನಿಗೂ ಯುಎಎನ್ ಅನ್ನುವ ಒಂದೇ ನಂಬರ್ ಇದೆ, ಕೆಲಸ ಬದಲಾದರೂ ನಂಬರ್ ಅದೇ, ಹಳೇ ಖಾತೆಯ ಹಣವನ್ನು ಹೊಸದಕ್ಕೆ ವರ್ಗ ಮಾಡಿಕೊಳ್ಳಬಹುದು. ಪಿಎಫ್ ಜೊತೆಗಿನ ಪಿಂಚಣಿ ಸಿಗಬೇಕಾದರೆ ಒಟ್ಟು ಹತ್ತು ವರ್ಷ ಸೇವೆ ಆಗಿರಬೇಕು, ಬೇರೆ ಬೇರೆ ಕಂಪನಿಯಲ್ಲಿ ಮಾಡಿದ್ದೂ ಸೇರುತ್ತದೆ. ಪ್ರತಿ ಸಲ ಎಲ್ಲ ತೆಗೆದು ಬೈಕಿನ ಸಾಲಕ್ಕೆ ಕಟ್ಟಿದರೆ ಲೆಕ್ಕ ಮತ್ತೆ ಸೊನ್ನೆಯಿಂದ. ಸಂದರ್ಶನದಲ್ಲಿ ಒಬ್ಬ ಎಷ್ಟು ವರ್ಷ ಎಲ್ಲೆಲ್ಲಿ ಕೆಲಸ ಮಾಡಿದ ಅಂತ ನೋಡಲು ಈಗ ನಾವು ಯುಎಎನ್ ದಾಖಲೆಯನ್ನೇ ಕೇಳುತ್ತೇವೆ, ಬಾಯಿ ಮಾತಿಗೆ ಬೆಲೆ ಇಲ್ಲ.

ಸಂಬಳ ಜಾಸ್ತಿ ಕೇಳುವುದು ಹೇಗೆ ಅಂತಲೂ ಯಾರೂ ಕಲಿಸುವುದಿಲ್ಲ. ಮಗಳ ಫೀಸ್ ಕಟ್ಟಬೇಕು, ಮನೆ ಬಾಡಿಗೆ ಏರಿದೆ ಅಂತ ಕೇಳುತ್ತಾರೆ. ಮಾಲೀಕರು ಪಾಪ ಅನ್ನುತ್ತಾರೆ, ಐನೂರು ರೂಪಾಯಿ ಹಾಕುತ್ತಾರೆ, ಮುಗಿಯಿತು. ಹೋದ ವರ್ಷ ನನ್ನ ಲೈನ್‌ನಲ್ಲಿ ರಿಜೆಕ್ಷನ್ ಇಷ್ಟಿತ್ತು, ಈಗ ಇಷ್ಟಿದೆ, ಇಬ್ಬರು ಹೊಸಬರಿಗೆ ಕೆಲಸ ಕಲಿಸಿದ್ದೇನೆ ಅಂತ ಒಂದು ಹಾಳೆಯಲ್ಲಿ ಬರೆದು ತಂದವನಿಗೆ ಇಲ್ಲ ಅನ್ನುವುದು ಕಷ್ಟ. ಕೇಳುವ ಸಮಯವೂ ಮುಖ್ಯ. ಹೆಚ್ಚಿನ ಕಡೆ ಏಪ್ರಿಲ್‌ನಲ್ಲಿ ಸಂಬಳ ಪರಿಷ್ಕರಣೆ, ಪಟ್ಟಿ ತಯಾರಾಗುವುದು ಫೆಬ್ರವರಿಯಲ್ಲೇ. ಮೇ ತಿಂಗಳಲ್ಲಿ ಬಂದು ಬೇಜಾರು ಮಾಡಿಕೊಂಡರೆ ಯಾರೇನು ಮಾಡಲಿಕ್ಕಾಗುತ್ತದೆ.

ಮಾಲೀಕರ ಕಡೆಗೂ ಒಂದು ಮಾತು, ಅವರೂ ನಿಮ್ಮ ಪತ್ರಿಕೆ ಓದುತ್ತಾರೆ. ಹುಡುಗರು ನಿಲ್ಲುವುದಿಲ್ಲ ಅಂತ ಎಲ್ಲ ಸಭೆಯಲ್ಲೂ ಗೋಳಾಡುತ್ತೀರಿ. ಆಪರೇಟರ್‌ಗೆ ಸೆಟ್ಟಿಂಗ್ ಕಲಿಸಿದರೆ ಬಿಟ್ಟು ಹೋಗುತ್ತಾನೆ ಅನ್ನುವ ಭಯ ನಿಮಗೆ. ಕಲಿಸದಿದ್ದರೂ ಹೋಗುತ್ತಿದ್ದಾನಲ್ಲ! ಕಲಿತು ಹೋದವನು ನಾಲ್ಕು ವರ್ಷದ ಮೇಲೆ ಸೂಪರ್‌ವೈಸರ್ ಆಗಿ ವಾಪಸ್ ಬಂದದ್ದೂ ಇದೆ, ತೋಟ ಇಲ್ಲಿದೆ, ಅಪ್ಪ ಅಮ್ಮ ಇಲ್ಲಿದ್ದಾರೆ. ಪರೀಕ್ಷೆ ಇರುವ ವಾರ ರಾತ್ರಿ ಪಾಳಿ ಹಾಕದೆ ಇರುವುದಕ್ಕೆ ನಿಮಗೆ ಖರ್ಚೇನೂ ಇಲ್ಲ.

ಈಗ ನನ್ನ ಕೋರಿಕೆ. ಉದ್ಯೋಗ ಪುಟದಲ್ಲಿ ವಾರಕ್ಕೊಮ್ಮೆ ಅರ್ಧ ಕಾಲಂ ಕೆಲಸದಲ್ಲಿರುವವರಿಗೆ ಕೊಡಿ. ಕೆಪಿಎಸ್‌ಸಿ ಇಲಾಖಾ ಪರೀಕ್ಷೆಯ ಅರ್ಜಿ ಯಾವಾಗ, ಎನ್‌ಪಿಟಿಇಎಲ್ ನೋಂದಣಿ ಯಾವಾಗ ಮುಗಿಯುತ್ತದೆ, ಬ್ಯಾಂಕಿನವರ ಪರೀಕ್ಷೆ ಯಾವ ತಿಂಗಳು, ಜಿಲ್ಲೆಯ ಯಾವ ಕಾಲೇಜಿನಲ್ಲಿ ಕೆಲಸದವರಿಗೆ ಸೀಟು ಇದೆ, ಸರ್ಕಾರಿ ಟೂಲ್ ರೂಮ್ ತರಬೇತಿ ಕೇಂದ್ರದವರು ಅಲ್ಪಾವಧಿ ಕೋರ್ಸ್ ಯಾವಾಗ ಶುರು ಮಾಡುತ್ತಾರೆ, ಇಷ್ಟು ಹಾಕಿದರೆ ಸಾಕು. ಸಾಧಕರ ಸಂದರ್ಶನ, ಹಾರ ಹಾಕಿದ ಫೋಟೊ ಇದಕ್ಕೆ ಬೇಡ. ಜೊತೆಗೆ ಕೆಎಸ್‌ಆರ್‌ಟಿಸಿ ಶಿವಮೊಗ್ಗ ವಿಭಾಗದವರನ್ನು ನಿಮ್ಮ ವರದಿಗಾರರು ಒಂದು ಮಾತು ಕೇಳಲಿ: ರಾತ್ರಿ ಒಂಬತ್ತಕ್ಕೆ ರಿಪ್ಪನ್‌ಪೇಟೆ ಕಡೆಗೆ ಒಂದು ಬಸ್ ಬಿಡಲು ಸಾಧ್ಯವೇ ಅಂತ. ಸಾಧ್ಯವಿಲ್ಲ ಅಂದರೆ ಯಾಕೆ ಅಂತಲೂ ಬರೆಯಲಿ.

ಇಂತಿ,
ನಿಮ್ಮ ಓದುಗ
ಶಿವಮೊಗ್ಗ